ಅಜ್ಜಿಯ ಒಂದೇ ಒಂದು ಶುದ್ಧ ಮಾತು

ಬೈಗುಳಕ್ಕೂ ಒಂದು ಸಮಿತಿ ಇರುತ್ತದೆಂದರೆ ನಂಬದವರು ಆ ಟೀವಿ ಕಚೇರಿಯ ಮೇಲಿನ ಮಹಡಿಗೆ ಒಮ್ಮೆ ಹೋಗಿ ನೋಡಬೇಕಿತ್ತು. ಉದ್ದನೆಯ ಮೇಜು, ಮೇಜಿನ ಮೇಲೆ ಗಾಜು, ಗಾಜಿನ ಮೇಲೆ ಬಿಸ್ಕತ್ತಿನ ತಟ್ಟೆ, ಸುತ್ತ ಮೂವರು ದೊಡ್ಡ ಮನುಷ್ಯರು. ವಾರಕ್ಕೊಮ್ಮೆ ಬೆಳಗ್ಗೆ ಸೇರಿ, ಕನ್ನಡಕ ಏರಿಸಿಕೊಂಡು, ಕುಡುಕರು ಕೂಡ ಅಕ್ಕಪಕ್ಕ ನೋಡಿ ಆಡುವಂಥ ಮಾತುಗಳನ್ನು ಇವರು ಬಜೆಟ್ ಮಂಡಿಸುವ ಗಾಂಭೀರ್ಯದಿಂದ ಗಟ್ಟಿಯಾಗಿ ಓದುತ್ತಿದ್ದರು. ಯಾವ ಮಾತು ಜನರ ಕಿವಿಗೆ ಬೀಳಬಹುದು, ಯಾವುದರ ಮೇಲೆ ಬೀಪ್ ಹಾಕಬೇಕು ಎಂದು ತೀರ್ಮಾನಿಸುತ್ತಿದ್ದರು. ಕಾಗದದ ಮೇಲೆ ಅದು ಭಾಷಾ ಸಭ್ಯತಾ ಸಮಿತಿ. ಕೆಳಗಿನ ಮಹಡಿಯಲ್ಲಿ ದುಡಿಯುವವರ ಬಾಯಲ್ಲಿ ಮಾತ್ರ ಅದರ ಹೆಸರು ‘ಸೋಪು’.

ಸೋಪಿಗೆ ಅತಿ ಹೆಚ್ಚು ಕೆಲಸ ಕೊಡುತ್ತಿದ್ದದ್ದು ‘ಮೂರನೇ ಮಹಡಿ ಅಜ್ಜಿ’ ಎಂಬ ಕಾರ್ಟೂನು. ಇದು ಮಕ್ಕಳದ್ದಲ್ಲ, ದೊಡ್ಡವರದ್ದು. ಆಲೂಗಡ್ಡೆಯಂಥ ಮೂಗು, ಬೊಚ್ಚುಬಾಯಿ, ಕೈಗೆ ನಾಲ್ಕೇ ಬೆರಳು. ಹೀಗೆ ಬೇಕೆಂದೇ ಒರಟಾಗಿ ಬರೆದ ಒಬ್ಬ ಮುದುಕಿ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಾ ನಿಂತಿರುತ್ತಾಳೆ. ಕೆಳಗೆ ಮೇಯರು ಹೋಗಲಿ, ಪೊಲೀಸು ಹೋಗಲಿ, ಬಾಡಿಗೆ ಏರಿಸಿದ ಮನೆ ಮಾಲೀಕ ಹೋಗಲಿ, ಅಜ್ಜಿ ಅವರ ಏಳು ತಲೆಮಾರನ್ನು ಬೈದು, ಕೊನೆಗೆ ಡಬ್ಬದಲ್ಲಿ ಉಳಿದ ನೀರನ್ನು ತಲೆಯ ಮೇಲೆ ಸುರಿಯುತ್ತಾಳೆ. ಇಷ್ಟೇ ಕಥೆ. ದಿನವಿಡೀ ಮೇಲಿನವರ ಮುಂದೆ ಹಲ್ಲು ಕಿರಿದು ಮನೆಗೆ ಬಂದ ಜನ ಇದನ್ನು ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಂಡು ಮಲಗುತ್ತಿದ್ದರು.

ಅಜ್ಜಿಗೆ ದನಿ ಕೊಡುತ್ತಿದ್ದವಳು ಐವತ್ತು ದಾಟಿದ ಒಬ್ಬ ಹೆಂಗಸು. ಹಿಂದೆ ಅವಳು ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ‘ದಯವಿಟ್ಟು ಸಾಲಿನಲ್ಲಿ ನಿಲ್ಲಿ’ ಎಂದು ಹೇಳುತ್ತಿದ್ದವಳು. ಅಷ್ಟು ವರ್ಷ ಹೇಳಿದರೂ ಯಾರೂ ಸಾಲಿನಲ್ಲಿ ನಿಲ್ಲಲಿಲ್ಲ. ಬೈಯಲು ಶುರು ಮಾಡಿದ ಮೇಲೆ ಊರೇ ಕಿವಿಗೊಟ್ಟಿತು. ಮನೆಯಲ್ಲೂ ಕಚೇರಿಯಲ್ಲೂ ಅವಳನ್ನು ಕರೆಯುತ್ತಿದ್ದದ್ದು ತುತ್ತೂರಿ ಎಂದು. ಚಿಕ್ಕಂದಿನಲ್ಲಿ ಅವಳ ಅಳು ಕೇಳಲಾರದೆ ಅಣ್ಣ ಇಟ್ಟ ಅಡ್ಡಹೆಸರು ಅದು, ಆಮೇಲೆ ಅಂಟಿಕೊಂಡುಬಿಟ್ಟಿತು.

ಅಜ್ಜಿಯ ಬೈಗುಳದ ಭಂಡಾರವೂ ಈ ಅಣ್ಣನದೇ. ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಅವನ ಬಾಯಿಂದ ಬೈಗುಳವಿಲ್ಲದ ಒಂದು ವಾಕ್ಯ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಟ್ರಾಫಿಕ್ಕಿಗೂ ಬೈಗುಳ, ಬಿಸಿಲಿಗೂ ಬೈಗುಳ, ಪ್ರೀತಿಗೂ ಬೈಗುಳ. ತಂಗಿಯ ಮಗಳು ಪರೀಕ್ಷೆಯಲ್ಲಿ ಮೊದಲು ಬಂದಾಗ ಕಣ್ಣಲ್ಲಿ ನೀರು ತಂದುಕೊಂಡು ಅವನು ಆಡಿದ ಮಾತನ್ನು ಇಲ್ಲಿ ಬರೆದರೆ ಈ ಪುಟಕ್ಕೂ ಬೀಪ್ ಹಾಕಬೇಕಾದೀತು. ಅವನ ಹೆಂಡತಿಯಾದರೋ ತದ್ವಿರುದ್ಧ. ಅತ್ತಿಗೆಯ ಬಾಯಿಂದ ಹೊರಟ ಅತ್ಯಂತ ಕಟುವಾದ ಪದ ‘ಛೀ’. ಗಂಡ ಬಾಯಿ ಬಿಟ್ಟೊಡನೆ ಎರಡು ಬೆರಳು ಕಿವಿಗೆ ಹೋಗುತ್ತಿದ್ದವು. ಸಂಸಾರ ಹಾಗೇ ಸುಖವಾಗಿ ನಡೆಯಿತು.

ಆ ಅಣ್ಣ ಸತ್ತದ್ದು ಊರಿನ ದೊಡ್ಡಾಸ್ಪತ್ರೆಯ ಲಿಫ್ಟಿನಲ್ಲಿ.

ಎದೆನೋವೆಂದು ಸೇರಿಸಿದ್ದರು. ಮೇಲಿನ ವಾರ್ಡಿನಿಂದ ಕೆಳಗಿನ ಆಪರೇಷನ್ ಕೋಣೆಗೆ ಒಯ್ಯುವಾಗ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಸ್ಟ್ರೆಚರಿನ ಮೇಲೆ ಅವನು, ಪಕ್ಕದಲ್ಲಿ ಅವನ ಕೈ ಹಿಡಿದುಕೊಂಡು ಅತ್ತಿಗೆ, ಮೂಲೆಯಲ್ಲಿ ವಾರ್ಡಿನ ಆಯಾ. ಹೊರಗೆ ಓಡಾಟ, ಕೂಗಾಟ. ಆಯಾ ಬಾಗಿಲು ಬಡಿದು ಬಡಿದು ಸುಸ್ತಾಗಿ ಹೇಳಿದಳಂತೆ: “ಹೇಳಿ ಹೇಳಿ ಸಾಕಾಯ್ತಮ್ಮ. ದಿನಾ ಸಿಕ್ಕಾಕ್ಕೊಳ್ಳುತ್ತೆ, ರಿಪೇರಿ ಮಾಡ್ಸಿ ಅಂದ್ರೆ, ಮಂತ್ರಿ ನೋಡೋಕೆ ಬರ್ತಾರೆ ಅಂತ ಕನ್ನಡಿ ಹಾಕ್ಸಿದ್ರು.” ನಿಜವೇ. ಲಿಫ್ಟಿನ ಗೋಡೆಗೆ ಹೂಬಳ್ಳಿಯ ಅಂಚಿನ ಹೊಚ್ಚಹೊಸ ಕನ್ನಡಿ ಇತ್ತು. ಅಣ್ಣ ಉಸಿರಿರುವ ತನಕ ಬೈದ. ಲಿಫ್ಟನ್ನು ಬೈದ, ಕನ್ನಡಿಯನ್ನು ಬೈದ, ಆಸ್ಪತ್ರೆಯ ನಿರ್ದೇಶಕನನ್ನು ಹೆಸರು ಹಿಡಿದು ಬೈದ. ಅಂದು ಅತ್ತಿಗೆ ಕಿವಿ ಮುಚ್ಚಿಕೊಳ್ಳಲಿಲ್ಲ, ಎರಡು ಕೈಯಲ್ಲೂ ಅವನ ಕೈ ಇತ್ತು. ಬಾಗಿಲು ತೆರೆಯುವ ಹೊತ್ತಿಗೆ ಬೈಗುಳ ನಿಂತಿತ್ತು.

ವಿಚಾರಣೆ ನಡೆಯಿತು, ನಡೆಯದೆ ಏನು. ರೋಗಿಯ ಹೃದಯ ಮೊದಲಿಂದಲೇ ದುರ್ಬಲವಾಗಿತ್ತು ಎಂದು ಹೇಳಿ ಎಲ್ಲರೂ ಕೈ ತೊಳೆದುಕೊಂಡರು. ಆಯಾಳನ್ನು ಬೇರೆ ಊರಿಗೆ ವರ್ಗ ಮಾಡಿದರು. ಪತ್ರಿಕೆಯವರು ಬಂದು ಬರೆದುಕೊಂಡು ಹೋದರು, ಅಚ್ಚಾಗಲಿಲ್ಲ. ಆಸ್ಪತ್ರೆಯ ನಿರ್ದೇಶಕ ಬೇರೆ ಯಾರೂ ಅಲ್ಲ, ತುತ್ತೂರಿ ಕೆಲಸ ಮಾಡುವ ಟೀವಿ ವಾಹಿನಿಯ ಮಾಲೀಕನ ಭಾವಮೈದುನ.

ಗಂಡನಿಲ್ಲದ ಮನೆಯಲ್ಲಿ ಇರಲಾರದೆ ಅತ್ತಿಗೆ ತುತ್ತೂರಿಯ ಮನೆಗೇ ಬಂದಳು. ಬಂದವಳು ಅಳಲಿಲ್ಲ, ಯಾರನ್ನೂ ದೂರಲಿಲ್ಲ. ಒಂದೇ ಮಾತು ಹೇಳುತ್ತಿದ್ದಳು: “ಅವ್ರಿಗೆ ಗೊತ್ತಿತ್ತು ಅನ್ನೋದನ್ನ ಯಾರಾದ್ರೂ ಒಬ್ರು ಗಟ್ಟಿಯಾಗಿ ಹೇಳಿದ್ರೆ ಸಾಕಿತ್ತು ಕಣೇ. ನಂಗೆ ಇನ್ನೇನೂ ಬೇಡ.” ಪಾತ್ರೆ ತೊಳೆಯುವಾಗ ಹೇಳುತ್ತಿದ್ದಳು, ಬಟ್ಟೆ ಮಡಚುವಾಗ ಹೇಳುತ್ತಿದ್ದಳು. ಅದನ್ನು ಕೇಳುತ್ತಾ ತುತ್ತೂರಿ ಯೋಚಿಸುತ್ತಿದ್ದಳು. ವಾರಾ ವಾರಾ ಊರಿಗೆಲ್ಲ ಕೇಳುವಂತೆ ಗಂಟಲು ಹರಿದುಕೊಳ್ಳುವವಳು ತಾನು. ಇದೊಂದು ಮಾತನ್ನು ಹೇಳಲಾರದ ಗಂಟಲು ಯಾತಕ್ಕೆ?

ಅವಳು ಕಾರ್ಟೂನಿನ ಬರಹಗಾರನನ್ನು ಹಿಡಿದಳು. ಪೆನ್ಸಿಲಿನ ಹಿಂಬದಿ ಕಚ್ಚಿ ಕಚ್ಚಿ ಹಲ್ಲು ಕಪ್ಪಾಗಿಸಿಕೊಂಡಿದ್ದ ಆಸಾಮಿ. ಅಜ್ಜಿಯನ್ನು ಹುಟ್ಟಿಸಿದವನೂ ಅವನೇ, ಸೋಪಿನ ಕಣ್ಣಿಗೆ ಮಣ್ಣೆರಚಿ ಇಷ್ಟು ದಿನ ಬದುಕಿಸಿದವನೂ ಅವನೇ. ಅವನ ಹತ್ತಿರ ಒಂದು ಉಪಾಯವಿತ್ತು. ಸೋಪಿನವರು ಪ್ರತಿ ವಾರ ಏನಾದರೂ ಕತ್ತರಿಸಲೇಬೇಕು, ಕತ್ತರಿಸದಿದ್ದರೆ ಇವರಿಗೇಕೆ ಬಿಸ್ಕತ್ತು ಎಂದು ಯಾರಾದರೂ ಕೇಳಿಯಾರು. ಅದಕ್ಕೇ ಬರಹಗಾರ ಕತ್ತರಿಸಲೆಂದೇ ಒಂದಷ್ಟು ಹೊಲಸು ಮಾತುಗಳನ್ನು ಸ್ಕ್ರಿಪ್ಟಿನಲ್ಲಿ ತುಂಬುತ್ತಿದ್ದ. ಇದಕ್ಕೆ ಅವನು ಇಟ್ಟ ಹೆಸರು ‘ಮೇವು’. ಸಮಿತಿ ಮೇವು ಮೇಯುತ್ತಿರುವಾಗ ಮೇಯರನ ಕಾಂಟ್ರಾಕ್ಟು, ಪೊಲೀಸರ ಲಂಚ, ಮಂತ್ರಿಯ ಅಳಿಯ ಎಲ್ಲರೂ ಹಿಂಬಾಗಿಲಿಂದ ಸಲೀಸಾಗಿ ಪರದೆಗೆ ಬಂದುಬಿಡುತ್ತಿದ್ದರು.

“ಲಿಫ್ಟಿನ ಕಥೆ ಬರೀತೀನಿ,” ಎಂದ ಬರಹಗಾರ. “ಅಜ್ಜಿ ಆಸ್ಪತ್ರೆ ಲಿಫ್ಟಲ್ಲಿ ಸಿಕ್ಕಾಕ್ಕೊಳ್ತಾಳೆ. ಹೂಬಳ್ಳಿ ಕನ್ನಡಿನೂ ಇರುತ್ತೆ. ಮೇವು ಮಾತ್ರ ಈ ಸಲ ಗಾಡಿಗಟ್ಲೆ ಹಾಕ್ಬೇಕು ತುತ್ತೂರಕ್ಕ. ಅವರು ಮೇಯ್ದು ಮೇಯ್ದು ಹೊಟ್ಟೆ ಉಬ್ಬಿ ಬಿದ್ಕೋಬೇಕು.”

“ಹಾಕು. ನಿನಗೆ ಸಾಲದಿದ್ರೆ ನಾನು ಕೊಡ್ತೀನಿ, ಅಣ್ಣಂದು ಇನ್ನೂ ಮೂಟೆ ಇದೆ. ಆದರೆ ಕೊನೇ ಮಾತು ಮಾತ್ರ ಶುದ್ಧವಾಗಿರಬೇಕು.”

“ಯಾವ್ದು?”

“‘ಲಿಫ್ಟ್ ಕೆಟ್ಟಿದೆ ಅಂತ ಗೊತ್ತಿದ್ದೂ ಅವರು ಬರೀ ಕನ್ನಡಿ ಹಾಕಿಸಿದರು.’ ಅಷ್ಟೇ. ಹಿಂದಿಲ್ಲ ಮುಂದಿಲ್ಲ.”

ಬರಹಗಾರ ಪೆನ್ಸಿಲ್ ಬಾಯಿಂದ ತೆಗೆದ. “ಅಜ್ಜಿ ಬಾಯಿಂದ ಇವತ್ತಿನವರೆಗೂ ಒಂದಾದ್ರೂ ಬೈಗುಳ ಇಲ್ಲದ ಮಾತು ಬಂದಿದ್ದಿದೆಯಾ?”

“ಇದೊಂದು ಬರಲಿ ಬಿಡು. ಅದು ನಮ್ಮಣ್ಣನ ಸಾವಿನ ಮಾತು ಕಣಪ್ಪ. ಅದಕ್ಕೂ ಹೊಲಸು ಮೆತ್ತಿ ಹೇಳೋಕೆ ನನ್ನ ನಾಲಿಗೆ ಏಳಲ್ಲ. ಮನೇಲಿ ಅತ್ತಿಗೆ ಕೂತು ಕೇಳ್ತಾರೆ.”

ಬರಹಗಾರ ತಲೆ ಕೆರೆದುಕೊಂಡ. ಅವನಿಗೆ ಮನಸ್ಸಿರಲಿಲ್ಲ, ಆದರೆ ಸತ್ತವನ ತಂಗಿಯೊಂದಿಗೆ ವಾದ ಮಾಡುವಷ್ಟು ಕಲ್ಲೆದೆಯೂ ಇರಲಿಲ್ಲ. ಬರೆದುಕೊಟ್ಟ. ಚಿತ್ರಕಾರರು ಹಗಲೆಲ್ಲ ಕೂತು ಲಿಫ್ಟು, ಕನ್ನಡಿ, ಕನ್ನಡಿಯಲ್ಲಿ ಅಜ್ಜಿಯ ಆಲೂಗಡ್ಡೆ ಮೂಗು ಎಲ್ಲವನ್ನೂ ಬರೆದು ಮುಗಿಸಿದರು. ಮನೆಯಲ್ಲಿ ತುತ್ತೂರಿ ಅತ್ತಿಗೆಗೆ ಹೇಳಿಯೂ ಬಿಟ್ಟಳು: “ನೀವು ಕೇಳ್ತಿದ್ದ ಮಾತು ಈ ತಿಂಗಳು ಟೀವಿಲಿ ಬರುತ್ತೆ ಅತ್ತಿಗೆ. ಗಟ್ಟಿಯಾಗಿ, ಊರಿಗೆಲ್ಲ ಕೇಳೋ ಹಾಗೆ.” ಅಂದು ಸಂಜೆ ಅತ್ತಿಗೆ ಬಹಳ ದಿನಗಳ ಮೇಲೆ ತಲೆ ಬಾಚಿಕೊಂಡಳು.

ಇನ್ನು ಸಮಿತಿ. ಅದರ ಅಧ್ಯಕ್ಷೆ ಒಬ್ಬ ನಿವೃತ್ತ ಪ್ರಾಂಶುಪಾಲೆ. ಕಾಲೇಜಿನಲ್ಲಿ ಹುಡುಗಿಯರು ಜೋರಾಗಿ ನಕ್ಕರೆ ದಂಡ ಹಾಕುತ್ತಿದ್ದ ಮಹಾತಾಯಿ. ಅವರ ಬಲಕ್ಕೆ ಒಬ್ಬ ವಕೀಲ. ಯಾವುದೇ ಪ್ರಶ್ನೆಗೂ ‘ಎರಡು ರೀತಿಯಲ್ಲಿ ನೋಡಬಹುದು’ ಎಂದು ಹೇಳಿ ಎರಡು ರೀತಿಯಲ್ಲೂ ನೋಡದೆ ಬಿಸ್ಕತ್ತು ತಿನ್ನುವುದು ಅವನ ಕಸುಬು. ಎಡಕ್ಕೆ ವಾಹಿನಿಯ ಜಾಹೀರಾತು ಮ್ಯಾನೇಜರು. ಮಾತನಾಡುವಾಗಲೆಲ್ಲ ಯಾರಿಗೋ ಏನನ್ನೋ ಮಾರುತ್ತಿರುವಂತೆ ನಗುತ್ತಿದ್ದ. ಕಾಗದದ ಮೇಲೆ ಓದಿದರೆ ಧಾಟಿ ಗೊತ್ತಾಗುವುದಿಲ್ಲವೆಂದು ಸಮಿತಿ ಒಂದು ಪದ್ಧತಿ ಇಟ್ಟುಕೊಂಡಿತ್ತು. ತುತ್ತೂರಿ ಮೇಜಿನ ತುದಿಯಲ್ಲಿ ನಿಂತು ಒಂದೊಂದೇ ಬೈಗುಳವನ್ನು ಅಜ್ಜಿಯ ದನಿಯಲ್ಲಿ ಅವರ ಮುಖಕ್ಕೇ ಹೇಳಬೇಕು. ಮೂವರೂ ಕಣ್ಣು ಮುಚ್ಚಿ ಸಂಗೀತ ಕೇಳಿದಂತೆ ಕೇಳುತ್ತಿದ್ದರು. ತುತ್ತೂರಿಗೆ ಈ ಕೆಲಸದಲ್ಲಿ ತುಂಬ ಹಿಡಿಸಿದ್ದು ಇದೊಂದೇ.

ಅಂದೂ ನಿಂತಳು, ಶುರು ಮಾಡಿದಳು. “ಬೇವರ್ಸಿ ಮುಂಡೇದೇ, ಗುಂಡಿ ಒತ್ತಿದ್ರೆ ಏಳಲ್ವಲ್ಲೋ, ನಿನ್ನ ಮುಕಳಿಗೆ ಬೆಂಕಿ ಹಾಕ!”

ಅಧ್ಯಕ್ಷೆ ಕಣ್ಣು ಮುಚ್ಚಿಕೊಂಡೇ ಕೇಳಿದರು: “ಇಲ್ಲಿ ‘ಮುಕಳಿ’ ಯಾರದ್ದು?”

“ಲಿಫ್ಟಿಂದು ಮೇಡಂ,” ಎಂದ ಬರಹಗಾರ.

“ಲಿಫ್ಟಿಗೆ ಅದು ಇರುತ್ತದೆಯೇ?”

“ಎರಡು ರೀತಿಯಲ್ಲಿ ನೋಡಬಹುದು,” ಎಂದ ವಕೀಲ.

ಬರಹಗಾರನಿಗೆ ಒಳಗೊಳಗೇ ಖುಷಿ. ಮೇವಿಗೆ ಬಾಯಿ ಹಾಕಿದರು ಎಂದುಕೊಂಡ. ಆದರೆ ಜಾಹೀರಾತು ಮ್ಯಾನೇಜರು ಕೈ ಎತ್ತಿದ. “ಮೇಡಂ, ಇರಲಿ ಬಿಡಿ. ಹೊಸ ಸಮೀಕ್ಷೆ ಬಂದಿದೆ. ಬೈಗುಳ ಬಂದ ಕಡೆ ಜನ ಚಾನೆಲ್ ಬದಲಾಯಿಸಲ್ಲ. ಸೋಪು, ಶಾಂಪೂ, ಸ್ಕೂಟರು, ಎಲ್ಲ ಕಂಪನಿಯವರೂ ಅಜ್ಜಿ ಹೊತ್ತಲ್ಲೇ ಜಾಹೀರಾತು ಬೇಕು ಅಂತಿದ್ದಾರೆ. ಮಾಲೀಕರ ಹೊಸ ಘೋಷಣೆ ಕೂಡ ತಯಾರಾಗಿದೆ, ‘ದಿಟ್ಟ ವಾಹಿನಿ’ ಅಂತ. ಇನ್ನು ಮುಂದೆ ಬೈಗುಳಕ್ಕೆ ಬೀಪ್ ಬೇಡ.”

ಇಷ್ಟು ವರ್ಷ ಸಮಾಜದ ಕಿವಿ ಕಾಯ್ದ ಅಧ್ಯಕ್ಷೆ ತಾವೇ ಮೊದಲು ಈ ಮಾತು ಹೇಳಬೇಕೆಂದಿದ್ದವರಂತೆ ತಲೆದೂಗಿದರು. “ಭಾಷೆ ಜನರ ಸ್ವತ್ತು. ನಾವು ಸಂಕುಚಿತರಾಗಬಾರದು,” ಎಂದರು. ನೈತಿಕತೆ ಎನ್ನುವುದು ಎಷ್ಟು ಬೇಗ ಮಗ್ಗುಲು ಬದಲಿಸಬಲ್ಲದು ಎಂದು ತುತ್ತೂರಿ ಬೆರಗಾಗಿ ನೋಡಿದಳು. ಬೋಳಿಮಗ ಪಾಸಾಯಿತು. ಹಲ್ಕಟ್ ಪಾಸಾಯಿತು. ಅಣ್ಣನ ಮೂಟೆಯಿಂದ ತೆಗೆದ, ಅವನು ಕೂಡ ವರ್ಷಕ್ಕೊಮ್ಮೆ ಮಾತ್ರ ಬಳಸುತ್ತಿದ್ದ ಒಂದು ಅಪೂರ್ವ ಮಾತಿಗೆ ‘ಜಾನಪದ ಸೊಗಡಿದೆ’ ಎಂದು ಮೆಚ್ಚುಗೆಯೂ ಬಿತ್ತು. ಬರಹಗಾರನ ಮುಖ ಇಳಿಯುತ್ತಾ ಬಂತು. ಮೇವು ಮುಟ್ಟದ ದನವನ್ನು ಅವನು ಈವರೆಗೆ ಕಂಡಿರಲಿಲ್ಲ.

ಕೊನೆಯ ಮಾತು ಬಂತು. ತುತ್ತೂರಿ ಉಸಿರು ಎಳೆದುಕೊಂಡು, ಕೂಗದೆ, ಒದರದೆ, ಹೇಳಿದಳು. “ಲಿಫ್ಟ್ ಕೆಟ್ಟಿದೆ ಅಂತ ಗೊತ್ತಿದ್ದೂ ಅವರು ಬರೀ ಕನ್ನಡಿ ಹಾಕಿಸಿದರು.”

ಅಧ್ಯಕ್ಷೆ ಕಣ್ಣು ತೆರೆದರು. ಆ ಬೆಳಗ್ಗೆ ಅವರು ಕಣ್ಣು ತೆರೆದದ್ದು ಅದೇ ಮೊದಲು.

“ಇದರಲ್ಲಿ ಬೈಗುಳ ಎಲ್ಲಿದೆ?”

“ಇಲ್ಲ ಮೇಡಂ.”

“ಯಾಕಿಲ್ಲ? ಅಜ್ಜಿ ಯಾವತ್ತೂ ಹೀಗೆ ಮಾತಾಡೋದಿಲ್ಲವಲ್ಲ. ಇದೊಂದೇ ಎದ್ದು ಕಾಣುತ್ತೆ.”

‘ಕನ್ನಡಿ’ ಎಂಬ ಪದ ಕಿವಿಗೆ ಬಿದ್ದೊಡನೆ ಮ್ಯಾನೇಜರನ ನಗು ಮಾಯವಾಗಿತ್ತು. ಮಾಲೀಕರ ಭಾವಮೈದುನನ ಆಸ್ಪತ್ರೆಯ ಲಿಫ್ಟನ್ನು ಅವನೂ ಹತ್ತಿದ್ದವನೇ. ಆದರೆ ಅವನು ಆಸ್ಪತ್ರೆಯ ಹೆಸರೆತ್ತಲಿಲ್ಲ, ಅಷ್ಟು ದಡ್ಡನಲ್ಲ. “ಪಾತ್ರಕ್ಕೆ ಹೊಂದಲ್ಲ ಮೇಡಂ,” ಎಂದ. “ಕಲಾತ್ಮಕವಾಗಿ ನೋಡಿದ್ರೂ ಹೊಂದಲ್ಲ.”

ವಕೀಲ ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಒಂದೇ ರೀತಿಯಲ್ಲಿ ನೋಡಿದ. “ಬೈಗುಳ ಇದ್ದರೆ ತಮಾಷೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಇದನ್ನ ಹೀಗೆ ಬಿಟ್ಟರೆ ಜನ ನಿಜ ಅಂದ್ಕೋತಾರೆ.”

“ಒಂದು ಬೈಗುಳ ಸೇರಿಸಿಬಿಡ್ತೀವಿ ಮೇಡಂ,” ಎಂದ ಬರಹಗಾರ, ಅಂಗಲಾಚುವ ದನಿಯಲ್ಲಿ. “ಎಲ್ಲಿ ಬೇಕು ಹೇಳಿ, ಮುಂದೆನಾ, ನಡುವೆನಾ?”

“ಈಗ ಸೇರಿಸಿ ಏನು ಪ್ರಯೋಜನ?” ಎಂದರು ಅಧ್ಯಕ್ಷೆ. “ನಮಗೆ ಅರ್ಥ ಆಗಿಬಿಟ್ಟಿದೆಯಲ್ಲ.”

ಚಿತ್ರ ಬರೆದಾಗಿತ್ತು, ಕತ್ತರಿಸಿದರೆ ಕಂತು ಗಿಡ್ಡವಾಗುತ್ತದೆ, ಗಿಡ್ಡವಾದರೆ ಸ್ಕೂಟರಿನವರು ಜಗಳಕ್ಕೆ ಬರುತ್ತಾರೆ. ಆದ್ದರಿಂದ ಆ ಮಾತಿನ ಮೇಲೆ ಬೀಪ್ ಹಾಕುವುದೆಂದು ಠರಾವಾಯಿತು. ತುತ್ತೂರಿ ಮೇಜಿನ ತುದಿಯಲ್ಲಿ ಹಾಗೇ ನಿಂತಿದ್ದಳು. ಅಷ್ಟು ಬೈಗುಳ ಅವಳ ಬಾಯಲ್ಲಿತ್ತು, ಒಂದೂ ಹೊರಗೆ ಬರಲಿಲ್ಲ. ಕೆಳಗಿಳಿಯುವಾಗ ಅವಳಿಗೆ ಸುಡುತ್ತಿದ್ದದ್ದು ಅವರ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟು. ಮರ್ಯಾದೆ ಕೊಡುತ್ತೇನೆಂದು ಅಣ್ಣನ ಮಾತನ್ನು ತೊಳೆದು ಒರೆಸಿ ಇಟ್ಟವಳು ಅವಳೇ. ಕೊಳಕಿನ ರಾಶಿಯಲ್ಲಿ ಅದು ಬೆಳ್ಳಗೆ ಹೊಳೆದು ಸಿಕ್ಕಿಬಿದ್ದಿತ್ತು.

ಕಂತು ಬಂದ ದಿನ ಅತ್ತಿಗೆ ಟೀವಿಯ ಮುಂದೆ ಮೊದಲೇ ಕುಳಿತಿದ್ದಳು. ಬೀಪಿನ ಸಂಗತಿ ಹೇಳಲು ತುತ್ತೂರಿಗೆ ಧೈರ್ಯ ಸಾಲದೆ ಹಿಂದೆ ಗೋಡೆಗೆ ಒರಗಿ ನಿಂತಳು. ಅಜ್ಜಿ ಲಿಫ್ಟು ಹತ್ತಿದಳು, ಲಿಫ್ಟು ನಿಂತಿತು, ಬೈಗುಳದ ಮಳೆ ಶುರುವಾಯಿತು. ಒಂದಕ್ಕೂ ಬೀಪ್ ಇಲ್ಲ. ಅತ್ತಿಗೆಯ ಬೆರಳುಗಳು ಕಿವಿಯಲ್ಲೇ ಇದ್ದವು. ಕೊನೆಗೆ ಅಜ್ಜಿ ಕನ್ನಡಿಯ ಕಡೆ ತಿರುಗಿದಾಗ ತನ್ನ ಮಾತು ಬಂತೆಂದು ತಿಳಿದು ಅತ್ತಿಗೆ ಬೆರಳು ತೆಗೆದಳು. ಕೀಂ ಎಂದು ಉದ್ದನೆಯ ಒಂದು ಸದ್ದು, ಬೊಚ್ಚುಬಾಯಿ ಆಡುತ್ತಿತ್ತು, ಮಾತಿಲ್ಲ. ಆಮೇಲೆ ಸ್ಕೂಟರಿನ ಜಾಹೀರಾತು.

“ಅಷ್ಟೆಲ್ಲ ಹೊಲಸು ಬಿಟ್ರಲ್ಲೇ,” ಎಂದಳು ಅತ್ತಿಗೆ. “ಇದರಲ್ಲಿ ಕೆಟ್ಟದ್ದೇನಿತ್ತು?”

ಅತ್ತಿಗೆ ಎದ್ದು ಹೋಗಿ, ಒಣಗಿದ್ದ ಪಾತ್ರೆಗಳನ್ನು ಮತ್ತೊಮ್ಮೆ ಒರೆಸತೊಡಗಿದಳು.

ಮಾರನೆಯ ದಿನದಿಂದ ಊರಿಗೆ ಒಂದು ಹುಚ್ಚು ಹಿಡಿಯಿತು. ಬೋಳಿಮಗ, ಮುಕಳಿಗಳನ್ನೆಲ್ಲ ಬಿಟ್ಟವರು ಒಂದೇ ಒಂದು ಮಾತಿಗೆ ಬೀಪ್ ಹಾಕಿದ್ದಾರೆಂದರೆ, ಅದಿನ್ನೆಂಥ ಮಾತಿರಬೇಕು! ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಅದೇ ಚರ್ಚೆ. ಮರ್ಯಾದಸ್ಥರು ಕಿವಿಯಲ್ಲಿ ಪಿಸುಗುಟ್ಟಿ ಊಹಿಸಿದರು, ಉಳಿದವರು ಬಾಯಿಬಿಟ್ಟು ಊಹಿಸಿದರು. ತುತ್ತೂರಿಯ ದನಿ ಗುರುತು ಹಿಡಿದು ಬೇಕರಿಯವನು ಬ್ರೆಡ್ಡು ಕೊಡದೆ ಗಂಟುಬಿದ್ದ. “ಏನಮ್ಮ ಅದು? ನನ್ನೊಬ್ಬನಿಗೆ ಹೇಳಿ.”

ತುತ್ತೂರಿಗೆ ಆಸೆ ಚಿಗುರಿತು. ಬೀಪ್ ಹಾಕಿದರೇನು, ಬಾಯಿ ತನ್ನದೇ ಇದೆಯಲ್ಲ. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: “ಲಿಫ್ಟ್ ಕೆಟ್ಟಿದೆ ಅಂತ ಗೊತ್ತಿದ್ದೂ ಅವರು ಬರೀ ಕನ್ನಡಿ ಹಾಕಿಸಿದರು.”

ಬೇಕರಿಯವನು ಕಾದ. “ಆಮೇಲೆ?”

“ಅಷ್ಟೇ.”

“ಹೋಗಿ ಅಮ್ಮ, ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಹೇಳ್ತೀರಲ್ಲ. ಇದಕ್ಕೆ ಯಾರಾದ್ರೂ ಬೀಪ್ ಹಾಕ್ತಾರಾ? ನಾಚಿಕೆ ಆದ್ರೆ ಬೇಡ ಬಿಡಿ.”

ಅವನೊಬ್ಬನೇ ಅಲ್ಲ, ಯಾರೂ ನಂಬಲಿಲ್ಲ. ಹಾಲು ತರುವವಳು ನಂಬಲಿಲ್ಲ, ಪಕ್ಕದ ಮನೆಯ ಮೇಷ್ಟ್ರು ನಂಬಲಿಲ್ಲ. ತುತ್ತೂರಿ ಹೇಳಿದಷ್ಟೂ ಅವರು ಕಣ್ಣು ಮಿಟುಕಿಸಿದರು. ಸುಳ್ಳನ್ನು ಬಡ್ಡಿ ಸಮೇತ ನುಂಗುವ ಜನ ನಿಜ ಹೇಳಿದಾಗ ಎಷ್ಟು ಜಾಣರಾಗಿಬಿಡುತ್ತಾರೆಂದು ಕಂಡು ಅವಳಿಗೆ ಮೈ ಉರಿಯಿತು.

ವಾಹಿನಿಯವರು ಈ ಹುಚ್ಚನ್ನು ಬಿಡುತ್ತಾರೆಯೇ? ಮ್ಯಾನೇಜರನ ತಲೆಯಿಂದ ಒಂದು ಸ್ಪರ್ಧೆ ಹೊರಟಿತು. ‘ಬೀಪಿನ ಹಿಂದೆ ಏನಿದೆ?’ ಮಧ್ಯಾಹ್ನದ ನೇರ ಪ್ರಸಾರದಲ್ಲಿ ಬಣ್ಣದ ಕೋಟು ತೊಟ್ಟ ನಿರೂಪಕ ಬೀದಿ ಬೀದಿ ಸುತ್ತಿ ಜನರ ಬಾಯಿಗೆ ಮೈಕು ಹಿಡಿಯುವುದು, ಅವರು ಊಹಿಸುವುದು, ಎಲ್ಲರಿಗಿಂತ ಖಾರವಾಗಿ ಊಹಿಸಿದವರಿಗೆ ಅಜ್ಜಿಯ ಚಿತ್ರವಿರುವ ಕಾಫಿ ಕಪ್ಪು. ನೇರ ಪ್ರಸಾರದ ಬೀಪ್ ಗುಂಡಿಯ ಮುಂದೆ ಕೂರುವವನಿಗೆ ಸ್ಪಷ್ಟ ಆದೇಶ: ಬೈಗುಳ ಬಂದರೆ ಕೈ ಹಾಕಬೇಡ, ಅದೇ ನಮ್ಮ ಬಂಡವಾಳ. ಬೈಗುಳ ಇಲ್ಲದೆ ಲಿಫ್ಟು, ಕನ್ನಡಿ ಎಂದು ಯಾರಾದರೂ ಶುರು ಮಾಡಿದರೆ ಮಾತ್ರ ಒತ್ತು. ಇದನ್ನು ಬರಹಗಾರ ತುತ್ತೂರಿಗೆ ಹೇಳಿದ, ತುತ್ತೂರಿ ಹೊಟ್ಟೆಯುರಿ ತಡೆಯಲಾರದೆ ಅತ್ತಿಗೆಗೆ ಹೇಳಿದಳು. “ನೋಡಿ ಅತ್ತಿಗೆ, ಈ ಊರಲ್ಲಿ ಮಾತು ಹೊರಗೆ ಬರಬೇಕಾದ್ರೆ ಮೈಗೆ ಹೊಲಸು ಬಳ್ಕೊಂಡೇ ಬರಬೇಕು.” ಅತ್ತಿಗೆ ಮಡಚುತ್ತಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದಳು.

ಎರಡು ದಿನ ಕಳೆದು ಇಬ್ಬರೂ ತರಕಾರಿ ತರಲು ಹೋದಾಗ ಮಾರುಕಟ್ಟೆಯ ಮೂಲೆಯಲ್ಲಿ ಕ್ಯಾಮೆರಾ ನಿಂತಿತ್ತು. ಸುತ್ತ ಜಾತ್ರೆಯಂತೆ ಜನ. ನಿರೂಪಕ ಒಬ್ಬೊಬ್ಬರ ಬಾಯಿಂದಲೂ ಹೊಲಸು ಕಕ್ಕಿಸಿ, ತಾನು ಬಾಗಿ ಬಾಗಿ ನಗುತ್ತಿದ್ದ. ಅವನ ಕಣ್ಣಿಗೆ ಅತ್ತಿಗೆ ಬಿದ್ದಳು. ಬಿಳಿಗೂದಲು, ಬೋಳು ಕೈ, ಎದೆಗವಚಿಕೊಂಡ ಚೀಲ, ನೆಲ ನೋಡುವ ಕಣ್ಣು. ಇಂಥವರ ಬಾಯಿಗೆ ಮೈಕು ಹಿಡಿದರೆ ಅವರು ನಾಚಿ ನೀರಾಗುವುದನ್ನು ಜನ ನೋಡಿ ನಗುತ್ತಾರೆಂದು ಅವನಿಗೆ ಗೊತ್ತಿತ್ತು.

“ಅಮ್ಮಾ, ನಿಮಗೆ ಏನನ್ಸುತ್ತೆ? ಬೀಪಿನ ಹಿಂದೆ ಏನಿದೆ?”

“ಬೇಡಪ್ಪ, ಅವರು ಅಂಥದ್ದೆಲ್ಲ ಮಾತಾಡಲ್ಲ,” ಎಂದು ತುತ್ತೂರಿ ಅಡ್ಡ ಬಂದಳು.

“ಇರು,” ಎಂದಳು ಅತ್ತಿಗೆ. ಚೀಲವನ್ನು ತುತ್ತೂರಿಯ ಕೈಗೆ ಕೊಟ್ಟು, ಮೈಕನ್ನು ನಿರೂಪಕನ ಕೈಯ ಮೇಲಿಂದಲೇ ಎರಡು ಕೈಯಲ್ಲೂ ಹಿಡಿದುಕೊಂಡಳು. ದನಿ ಏರಿಸಲಿಲ್ಲ. ಪಕ್ಕದ ಮನೆಯವರಿಗೆ ಊಟ ಆಯಿತೇ ಎಂದು ಕೇಳುವ ದನಿಯಲ್ಲೇ ಹೇಳಿದಳು.

“ಬೋಳಿಮಕ್ಕಳು. ದೊಡ್ಡಾಸ್ಪತ್ರೆ ಲಿಫ್ಟ್ ಕೆಟ್ಟಿದೆ ಅಂತ ಗೊತ್ತಿದ್ದೂ ಆ ಬೇವರ್ಸಿ ಬೋಳಿಮಕ್ಕಳು ಬರೀ ಕನ್ನಡಿ ಹಾಕಿಸಿದ್ರು. ನನ್ನ ಗಂಡ ಅದರೊಳಗೆ ಸತ್ತರು. ಅವರ ಮುಕಳಿಗೆ ಬೆಂಕಿ ಹಾಕ.”

ನಿರೂಪಕ ಚಪ್ಪಾಳೆ ಹೊಡೆದು ನಕ್ಕ. ಅವನ ಕಿವಿಗೆ ಬಿದ್ದದ್ದು ಬೋಳಿಮಕ್ಕಳು ಮತ್ತು ಮುಕಳಿ ಅಷ್ಟೇ. “ಸೂಪರ್ ಅಮ್ಮ! ಇವತ್ತಿನ ಕಪ್ಪು ನಿಮಗೇ!” ಕಚೇರಿಯಲ್ಲಿ ಬೀಪ್ ಗುಂಡಿಯ ಮುಂದೆ ಕುಳಿತವನಿಗೂ ಆದೇಶವಿತ್ತಲ್ಲ, ಬೈಗುಳ ಬಂದರೆ ಕೈ ಹಾಕಬೇಡವೆಂದು. ಅವನು ಕೈ ಹಾಕಲಿಲ್ಲ. ಮಾತು ಪೂರ್ತಿಯಾಗಿ, ಒಂದಕ್ಷರ ಕಳೆಯದೆ, ಮನೆ ಮನೆಗೆ ಹೋಯಿತು.

ನಿರೂಪಕನಿಗೆ ಕೇಳದ್ದು ಜನರಿಗೆ ಕೇಳಿತ್ತು. ಗುಂಪಿನಲ್ಲಿ ಬೇಕರಿಯವನೂ ಇದ್ದ. ಅವನು ನಗಲಿಲ್ಲ. ತುತ್ತೂರಿಯ ಹತ್ತಿರ ಬಂದು, “ಅವತ್ತು ನೀವು ಹೇಳಿದ್ದು ಇದೇನಾ?” ಎಂದ. “ಹೀಗೆ ಹೇಳಿದ್ರೆ ಗೊತ್ತಾಗ್ತಿತ್ತು.” ಹಿಂದೆ ಯಾರೋ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: “ಹೌದು ಮಾರಾಯ, ನಮ್ಮತ್ತೆನೂ ಅದರಲ್ಲೇ ಸಿಕ್ಕಾಕ್ಕೊಂಡಿದ್ರು. ಹೂಬಳ್ಳಿ ಕನ್ನಡಿ. ಬೋಳಿಮಕ್ಕಳು.”

ಸಂಜೆ ವಾಹಿನಿಯವರು ತಮ್ಮ ಕೈಯಾರೆ ಅದನ್ನು ಮತ್ತೆ ಮತ್ತೆ ತೋರಿಸಿದರು. ಸಂಭಾವಿತ ವಿಧವೆಯ ಬಾಯಲ್ಲಿ ಬೋಳಿಮಕ್ಕಳು ಎಂದರೆ ಅವರ ಪಾಲಿಗೆ ಚಿನ್ನದ ಗಟ್ಟಿ. ‘ದಿಟ್ಟ ವಾಹಿನಿ, ದಿಟ್ಟ ವೀಕ್ಷಕರು’ ಎಂದು ಕೆಳಗೆ ಅಕ್ಷರ ಓಡಿತು. ಭಾವಮೈದುನನ ಫೋನು ಮಾಲೀಕನಿಗೆ ಹೋಗಿ, ಮಾಲೀಕನ ಫೋನು ಮ್ಯಾನೇಜರಿಗೆ ಬರುವ ಹೊತ್ತಿಗೆ ಊರಿಗೆ ಅದು ಬಾಯಿಪಾಠವಾಗಿತ್ತು. ಪ್ರಸಾರ ತಟ್ಟನೆ ನಿಂತಿತು. ಬರಹಗಾರ ಫೋನು ಮಾಡಿ, “ನಾಳೆ ಬೆಳಗ್ಗೆ ನಮ್ಮಿಬ್ಬರನ್ನೂ ಮೇಲೆ ಕರೆದಿದ್ದಾರೆ ತುತ್ತೂರಕ್ಕ. ನಾನಂತೂ ಪೆನ್ಸಿಲ್ ಎತ್ತಿಟ್ಕೊಂಡಿದ್ದೀನಿ,” ಎಂದು ನಕ್ಕ. ಕೆಲಸ ಹೋಗುತ್ತದೆಂದು ತುತ್ತೂರಿಗೂ ಗೊತ್ತಾಯಿತು. ಹೋಗಲಿ ಎನಿಸಿತು, ಹೆದರಿಕೆಯೂ ಆಯಿತು.

ಅಡುಗೆಮನೆಯಲ್ಲಿ ಅತ್ತಿಗೆ ಬಹುಮಾನದ ಕಪ್ಪನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಕಪ್ಪಿನ ಮೇಲೆ ಅಜ್ಜಿಯ ಆಲೂಗಡ್ಡೆ ಮೂಗು ನೊರೆಯಲ್ಲಿ ಮುಳುಗಿ ಏಳುತ್ತಿತ್ತು.

“ತಪ್ಪಾಯ್ತು ಅತ್ತಿಗೆ,” ಎಂದಳು ತುತ್ತೂರಿ. “ನಿಮ್ಮ ಬಾಯಲ್ಲಿ ಅಂಥ ಮಾತು ಬರೋ ಹಾಗಾಯ್ತು. ಶುದ್ಧವಾಗಿ ಹೇಳಿಸಬೇಕು ಅಂತಿದ್ದೆ ನಾನು.”

ಅತ್ತಿಗೆ ಕಪ್ಪನ್ನು ಬೋರಲು ಹಾಕಿ, ಕೈ ಒರೆಸಿಕೊಂಡಳು.

“ನೀನು ಬಂದಿರಲಿಲ್ಲ ಕಣೇ, ನಾನಿದ್ದೆ ಆ ಲಿಫ್ಟೊಳಗೆ,” ಎಂದಳು. “ನಿಮ್ಮಣ್ಣ ಹಾಗೇ ಹೇಳಿದ್ದು. ಬೈಗುಳದಲ್ಲಿ ನಾನು ಒಂದಕ್ಷರನೂ ಸೇರಿಸಿಲ್ಲ.”